ಬಿಳಿಮೀನಿನ ಲೆಕ್ಕದ ಪುಸ್ತಕ



ನಾನು ತಾಳವಾಡಿ ಸೀಮೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಊರೂರು ಸುತ್ತಿ, ಬೇರೆಯವರ ಹಣ ಎಣಿಸಿ ನಿವೃತ್ತನಾದವನು. ಇಂಥವನಿಗೆ ಮೀನಿನ ಮಾತೇಕೆ ಎಂದು ನೀವು ಕೇಳಬಹುದು. ಕಾರಣ ಒಂದು ಹೆಬ್ಬೆಟ್ಟಿನ ಗುರುತು.

1990ರ ದಶಕದಲ್ಲಿ ನಾನು ಕಾವೇರಿ ದಂಡೆಗೆ ಹತ್ತಿರದ ಒಂದು ಶಾಖೆಯಲ್ಲಿದ್ದೆ. ಒಂದು ದಿನ ನಡುವಯಸ್ಸಿನ ಒಬ್ಬ ಉಳಿತಾಯ ಖಾತೆ ತೆರೆಯಲು ಬಂದ. ಅಕ್ಷರ ಬಾರದ ಗಂಡಸರಿಂದ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಬ್ಯಾಂಕಿನ ರೂಢಿ. ನಾನು ಶಾಯಿಯ ಪ್ಯಾಡು ಮುಂದೆ ತಳ್ಳಿದೆ. ಆತ ಬಲಗೈ ಚಾಚಿದ. 'ಎಡಗೈ ಕೊಡಪ್ಪ' ಎಂದೆ. ಆತ ನಕ್ಕು ಎಡಗೈಯನ್ನು ಮೇಜಿನ ಮೇಲಿಟ್ಟ. ಅದರಲ್ಲಿ ಹೆಬ್ಬೆಟ್ಟೇ ಇರಲಿಲ್ಲ.

'ತೋಟೆ ಹಾಕ್ತಿದ್ದೆ ಸ್ವಾಮಿ, ಹೊಳೆಗೆ. ಒಂದು ಕೈಯಲ್ಲೇ ಸಿಡೀತು. ಈಗ ಅದೇ ಹೊಳೆ ಕಾಯ್ತೀನಿ, ಸಂಬಳಕ್ಕೆ' ಎಂದ.

ಆತನಿಗೆ ಸಂಬಳ ಕೊಡುತ್ತಿದ್ದುದು ಗಾಳ ಹಾಕುವ ಹವ್ಯಾಸಿಗಳು. ಹೊಟ್ಟೆಪಾಡಿಗೆ ಮೀನು ಹಿಡಿಯುವ ನಮ್ಮ ಬೆಸ್ತರ ಮಾತಲ್ಲ ಇದು. ಗಾಳಕ್ಕೆ ಸಿಕ್ಕ ಮೀನನ್ನು ತೂಗಿ, ನೋಡಿ, ಜೀವಂತವಾಗಿ ನೀರಿಗೇ ಬಿಡುವವರು. ಇದೆಂಥ ಹುಚ್ಚು ಎಂದು ನಾನೂ ಅಂದುಕೊಂಡಿದ್ದೆ. ಆದರೆ ಆ ಹುಚ್ಚಿನಿಂದಲೇ ಒಂದಷ್ಟು ಹೊಳೆ ಉಳಿಯಿತು.

ಅವರು ಬಯಸಿದ ಮೀನು ಮಹಶೀರ್. ನಮ್ಮ ಕಾವೇರಿ ಕಡೆ ಅದಕ್ಕೆ ಬಿಳಿಮೀನು ಎನ್ನುತ್ತಾರೆ. ಬೆನ್ನಿನ ಮೇಲೆ ಗೂನು, ರೂಪಾಯಿ ಬಿಲ್ಲೆಗಿಂತ ದೊಡ್ಡ ಹುರುಪೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡು ತೂಗಿತ್ತು. ಅಂದರೆ ಸುಮಾರು 54 ಕಿಲೋ, ಒಬ್ಬ ಆಳಿನ ತೂಕ!

ಇಂಥ ಮೀನನ್ನು ನಮ್ಮ ಹಿರಿಯರು ಕೆಲವು ಕಡೆ ದೇವರ ಹೆಸರಿನಲ್ಲಿ ಕಾಪಾಡಿದರು. ರಾಮನಾಥಪುರದಲ್ಲಿ ಕಾವೇರಿಯ ಮಡುವಿನ ಮೀನನ್ನು ಯಾರೂ ಮುಟ್ಟುವುದಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಭಕ್ತರು ಮಂಡಕ್ಕಿ ಹಾಕುತ್ತಾರೆ. ಆದರೆ ದೇವಸ್ಥಾನದ ಮೆಟ್ಟಿಲಿನಿಂದ ಆಚೆಗೆ, ಕಾಡಿನ ನಡುವೆ ಹರಿಯುವ ಹೊಳೆಗೆ ಕಾವಲು ಯಾರದು? ಅಲ್ಲಿ ತೋಟೆ ಸಿಡಿಯುತ್ತಿತ್ತು. ತೋಟೆಗೆ ದೊಡ್ಡದು ಚಿಕ್ಕದು ಎಂಬ ಭೇದವಿಲ್ಲ. ಒಂದು ಬುಟ್ಟಿ ಮೀನಿಗಾಗಿ ಇಡೀ ಮಡುವಿನ ಮರಿಗಳೂ ಸಾಯುತ್ತವೆ.

1972ರಲ್ಲಿ ಬೆಂಗಳೂರಿನಲ್ಲಿ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಎಂಬ ಸಂಘ ಹುಟ್ಟಿತು. ಶಿವನಸಮುದ್ರದ ಕೆಳಗೆ ಕಾವೇರಿಯ ಒಂದು ಪಾಲನ್ನು ಅದು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರಗಳೂ ಬಂದವು. ಕೊಡಗಿನಲ್ಲಿ ಅಲ್ಲಿನ ವನ್ಯಜೀವಿ ಸಂಘ ಇದೇ ಕೆಲಸ ಮಾಡಿತು. ಕಾವಲಿಗೆ ಆರಿಸಿದ್ದು ಯಾರನ್ನು ಗೊತ್ತೇ? ಹೊಳೆಯ ಬಂಡೆ ಬಂಡೆಯ ಗುರುತಿರುವ ಊರವರನ್ನೇ, ಕೆಲವೆಡೆ ಹಿಂದೆ ಕಳ್ಳತನದಿಂದ ಮೀನು ಹಿಡಿದವರನ್ನೇ. ಹರಿಗೋಲು ನಡೆಸುವವರಿಗೆ, ಅಡಿಗೆಯವರಿಗೆ, ದಾರಿ ತೋರಿಸುವವರಿಗೆ ಕೂಲಿ ಸಿಕ್ಕಿತು. ಗಾಳದ ತುದಿಗೆ ಅಂಟಿಸಲು ರಾಗಿಹಿಟ್ಟನ್ನು ಹದವಾಗಿ ಬೇಯಿಸಿ ಉಂಡೆ ಕಟ್ಟುವುದೂ ಒಂದು ಕೈಗೆಲಸವಾಯಿತು. ನಾವು ಉಣ್ಣುವ ರಾಗಿಯನ್ನೇ ಆ ಮೀನೂ ಮೆಚ್ಚಿತ್ತು.

ಕೇಳುಗರೇ, ಇಲ್ಲಿಯವರೆಗೆ ಎಲ್ಲ ಜಮೆಯ ಬಾಬತ್ತು. ಇನ್ನು ಖರ್ಚಿನ ಬಾಬತ್ತು ಹೇಳುತ್ತೇನೆ.

ಮೀನು ಕಡಿಮೆಯಾಗಿದೆ, ಮರಿ ತಂದು ಬಿಟ್ಟರೆ ಹೆಚ್ಚೀತು ಎಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದರು. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪೆನಿಯ ಮರಿ ಸಾಕುವ ಕೇಂದ್ರವಿತ್ತು. 1970ರ ದಶಕದಿಂದೀಚೆಗೆ ಅಲ್ಲಿಂದ ಮಹಶೀರ್ ಮರಿಗಳು ಹಲವು ರಾಜ್ಯಗಳಿಗೆ ಹೋದವು, ಕಾವೇರಿಗೂ ಬಂದವು. ಆದರೆ ಅದು ಕೃಷ್ಣಾ ಕಣಿವೆಯ ಜಾತಿ. ಈಜುರೆಕ್ಕೆ ನೀಲಿ, ಬೆನ್ನಿಗೆ ಆ ಗೂನಿಲ್ಲ. ಹೆಸರಿಗೆ ಎರಡೂ ಮಹಶೀರ್. ಆದರೆ ಒಂದು ಈ ಹೊಳೆಯ ಮಗಳು, ಇನ್ನೊಂದು ಬೇರೆ ಹೊಳೆಯಿಂದ ಬಂದದ್ದು. ಬಿಟ್ಟವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಹೊಳೆ ತುಂಬಲಿ ಎಂದೇ ಬಿಟ್ಟರು.

ಇದರ ಫಲ ಹೊರಬಂದದ್ದು ಗಾಳದವರದೇ ಲೆಕ್ಕದ ಪುಸ್ತಕದಿಂದ. ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಬಗೆಯ ಮೀನು ಬಂತು, ತೂಕವೆಷ್ಟು ಎಂದು ಬರೆದಿಟ್ಟಿದ್ದರು. ಸುಮಾರು 23,600 ಗಂಟೆಗಳ ಲೆಕ್ಕ, 6,000ಕ್ಕೂ ಹೆಚ್ಚು ಮೀನು. ವಿಜ್ಞಾನಿಗಳು ಅದನ್ನು ಕೂತು ಓದಿದರು. ನೀಲಿ ರೆಕ್ಕೆಯ ಮೀನಿನ ಸಂಖ್ಯೆ ವರ್ಷವರ್ಷಕ್ಕೆ ಏರಿತ್ತು. ಗೂನುಬೆನ್ನಿನ ಬಿಳಿಮೀನಿನ ಸಂಖ್ಯೆ ಇಳಿದಿತ್ತು. ಸಿಕ್ಕವು ಮಾತ್ರ ಮೊದಲಿಗಿಂತ ದೊಡ್ಡವು.

ದೊಡ್ಡ ಮೀನು ಸಿಕ್ಕರೆ ಒಳ್ಳೆಯದಲ್ಲವೇ ಎಂದು ನಿಮಗೆ ಅನ್ನಿಸಬಹುದು. ಬ್ಯಾಂಕಿನವನಿಗೆ ಇದು ಬೇಗ ಅರ್ಥವಾಗುತ್ತದೆ. ಹಳೆಯ ಖಾತೆಗಳಲ್ಲಿ ಶಿಲ್ಕು ದೊಡ್ಡದಿದೆ, ಆದರೆ ಎಷ್ಟೋ ವರ್ಷದಿಂದ ಹೊಸ ಖಾತೆ ತೆರೆದಿಲ್ಲ ಎಂದರೆ ಆ ಶಾಖೆ ಮುಚ್ಚುವ ದಿನ ದೂರವಿಲ್ಲ. ಊರಿನಲ್ಲಿ ಮುದುಕರು ಮಾತ್ರ ಉಳಿದು ಒಂದು ಮನೆಯಲ್ಲೂ ತೊಟ್ಟಿಲು ಕಟ್ಟದಿದ್ದರೆ ಹೇಗೋ ಹಾಗೆ. ಹೊಸ ಜಾತಿಯೊಂದೇ ಕಾರಣವಲ್ಲ. ಅಣೆಕಟ್ಟು, ಮರಳು ತೆಗೆತ, ತೋಟೆ, ಬೇಸಿಗೆಯಲ್ಲಿ ಒಣಗುವ ಹೊಳೆ, ಎಲ್ಲವೂ ಸೇರಿವೆ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಹೆಬ್ಬೆಟ್ಟಿಲ್ಲದ ಕಾವಲುಗಾರ ತಿಂಗಳಿಗೊಮ್ಮೆ ಹಣ ಕಟ್ಟಲು ಬರುತ್ತಿದ್ದ. ಒಂದು ಸಲ ಚಲನು ಬರೆಸುವಾಗ ಹೇಳಿದ: 'ಬಿಳಿಮೀನು ದೊಡ್ಡವು ಅವೆ ಸ್ವಾಮಿ, ಮರಿನೇ ಕಾಣಕ್ಕಿಲ್ಲ.' ನಾನು 'ಹೌದಾ' ಎಂದು ಮೊಹರು ಒತ್ತಿ ಮುಂದಿನವನನ್ನು ಕರೆದೆ. ವಿದ್ವಾಂಸರು ವರ್ಷಗಳ ನಂತರ ಪುಸ್ತಕದಿಂದ ತೆಗೆದ ಮಾತನ್ನು ಆತ ಅಂದೇ ಕಣ್ಣಿನಿಂದ ತೆಗೆದಿದ್ದ. ಜೀವನವೆಲ್ಲ ಬರೆಯುವುದೇ ಕೆಲಸವಾಗಿದ್ದ ನಾನು ಅದನ್ನು ಒಂದು ಚೀಟಿಯಲ್ಲೂ ಬರೆದಿಡಲಿಲ್ಲ.

ಮುಂದೆ ವನ್ಯಜೀವಿ ಕಾಯಿದೆಯ ಪ್ರಕಾರ ರಕ್ಷಿತ ಅರಣ್ಯದೊಳಗಿನ ಗಾಳದ ಶಿಬಿರಗಳು 2012ರ ಹೊತ್ತಿಗೆ ನಿಂತವು. ಕಾಯಿದೆಗೆ ಅದರದೇ ಕಾರಣವಿದೆ. ಆದರೆ ಗಾಳದ ಜೊತೆಗೆ ಕೂಲಿ ಹೋಯಿತು, ಲೆಕ್ಕದ ಪುಸ್ತಕವೂ ಮುಚ್ಚಿತು.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ನೂರೈವತ್ತು ವರ್ಷ ಗಾಳದವರು ಕೊಂಡಾಡಿದ ಈ ಮೀನಿಗೆ ಶಾಸ್ತ್ರದಲ್ಲಿ ಸರಿಯಾದ ಹೆಸರೇ ಇರಲಿಲ್ಲ. 2018ರಲ್ಲಿ ಅದು ಇತ್ಯರ್ಥವಾಯಿತು. ಕೇರಳದ ಪಾಂಬಾರ್ ಹೊಳೆಯಲ್ಲಿ ಗುರುತಿಸಿ, ಮೀನು ತಜ್ಞೆ ರೆಮಾದೇವಿಯವರ ಹೆಸರಿಟ್ಟಿದ್ದ ಜಾತಿಯೂ ಇದೂ ಒಂದೇ ಎಂದು ತಿಳಿಯಿತು. ಅದೇ ವರ್ಷ ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅತ್ಯಂತ ಅಪಾಯದ ಸಾಲಿಗೆ ಅದನ್ನು ಸೇರಿಸಿದರು. ಆ ಪರೀಕ್ಷೆಗೆ ಮೀನು ದೊರೆತದ್ದು ಎಲ್ಲಿ? ನಮ್ಮ ಮೋಯಾರಿನಲ್ಲಿ! ನೀಲಗಿರಿಯಲ್ಲಿ ಹುಟ್ಟಿ, ಬಂಡೀಪುರ ಮುದುಮಲೆಗಳ ನಡುವೆ ಗಡಿಯಾಗಿ ಹರಿದು, ನಮ್ಮ ಬೆಟ್ಟದ ಬುಡದಲ್ಲಿ ಸಾಗಿ ಭವಾನಿಸಾಗರ ಸೇರುವ ಅದೇ ಮೋಯಾರು. ದೊಡ್ಡ ಕಾವೇರಿಯಲ್ಲಿ ಕಾಣದಾಗುತ್ತಿರುವುದು ನಮ್ಮ ಮನೆಯ ಹಿತ್ತಲಿನಲ್ಲಿ ಉಳಿದಿದೆ.

ಆದ್ದರಿಂದ ನಿಮ್ಮಲ್ಲಿ ಮೂರು ಕೋರಿಕೆ. ಮೊದಲನೆಯದು, ತೋಟೆ, ಬ್ಲೀಚಿಂಗ್ ಪುಡಿ, ಕಾರೆಕಾಯಿ ಹೊಳೆಗೆ ಬೀಳದಿರಲಿ. ಹಾಕುವವರು ಯಾರೆಂದು ಊರಿಗೆ ಗೊತ್ತಿರುತ್ತದೆ, ಹಿರಿಯರು ಕರೆದು ಬುದ್ಧಿ ಹೇಳಲಿ. ಎರಡನೆಯದು, ಹೊಂಡದಲ್ಲಿ ಸಾಕಲು ತಂದ ಮೀನುಮರಿಯನ್ನು ಪುಣ್ಯದ ಕೆಲಸವೆಂದು ಹಳ್ಳಕ್ಕೆ ಬಿಡಬೇಡಿ. ಒಳ್ಳೆಯ ಮನಸ್ಸಿನಿಂದ ಬಿಟ್ಟದ್ದು ಕಾವೇರಿಗೆ ಏನು ಮಾಡಿತೆಂದು ಕೇಳಿದಿರಿ. ಮೂರನೆಯದು ನನ್ನ ಕಸುಬಿನ ಮಾತು. ಯಾವ ಮಡುವಿನಲ್ಲಿ ಯಾವ ತಿಂಗಳು ಮೀನು ಕಂಡಿತು, ಮರಿ ಕಂಡಿತೋ ಇಲ್ಲವೋ ಎಂಬುದು ನಿಮ್ಮ ಅಜ್ಜಂದಿರಿಗೆ, ಹರಿಗೋಲಿನವರಿಗೆ, ದನ ಮೇಯಿಸುವವರಿಗೆ ಗೊತ್ತು. ಶಾಲೆಗೆ ಹೋಗುವ ಮೊಮ್ಮಗಳ ಕೈಯಲ್ಲಿ ಒಂದು ನೋಟುಪುಸ್ತಕ ಕೊಟ್ಟು ದಿನಾಂಕದೊಂದಿಗೆ ಬರೆಸಿ. ಕನ್ನಡದಲ್ಲಿ ಬರೆಯಲಿ, ತಮಿಳಿನಲ್ಲಿ ಬರೆಯಲಿ, ಮೀನಿಗೆ ಎರಡೂ ಒಂದೇ. ವರ್ಷಕ್ಕೊಮ್ಮೆ ಅರಣ್ಯ ಇಲಾಖೆಯವರಿಗೆ ತೋರಿಸಿ.

ನಾನೂ ಒಂದು ಪುಸ್ತಕ ಕೊಂಡಿದ್ದೇನೆ. ಮೊದಲ ಪುಟದಲ್ಲಿ ಆ ಕಾವಲುಗಾರ ಹೇಳಿದ ಮಾತನ್ನು, ತಡವಾಗಿಯಾದರೂ, ಬರೆದಿದ್ದೇನೆ. ಎರಡನೆಯ ಪುಟ ಖಾಲಿ ಇದೆ. ನಿಮ್ಮೂರ ಮಡುವಿನ ಸುದ್ದಿ ಯಾರಾದರೂ ಹೇಳಿದರೆ ಅದನ್ನು ತುಂಬಿಸುತ್ತೇನೆ.