ಗುಂಪಿನ ಸಂದೇಶವೂ ಎದುರಿನ ಮಾತೂ



ಸಾಮಾಜಿಕ ಜಾಲತಾಣವು ಎದುರುಬದುರಿನ ಮಾತಿನ ಸ್ಥಾನವನ್ನು ತುಂಬಬಲ್ಲುದೇ ಎಂಬ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಸಮಿತಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ವಿಷಯವು ಪಂಡಿತರದೆಂದು ತೋರಬಹುದು. ಆದರೆ ನಮ್ಮ ಸಂಘದ ಮಟ್ಟಿಗೆ ಅದು ತೀರ ಮನೆಯ ಪ್ರಶ್ನೆಯೇ ಆಗಿದೆ. ವಾಟ್ಸ್‌ಆ್ಯಪ್ ಗುಂಪು ಇರುವಾಗ ತಿಂಗಳ ಸಭೆ ಯಾತಕ್ಕೆ, ಬಾಡಿಗೆ ತೆತ್ತು ಹಾಲ್ ಹಿಡಿಯುವುದು ಯಾತಕ್ಕೆ ಎಂಬ ಮಾತು ನಮ್ಮಲ್ಲಿಯೇ ಎದ್ದಿದೆ. ಎತ್ತಿದವರು ಸೋಮಾರಿಗಳೇನೂ ಅಲ್ಲ. ಪಾಳಿಯ ಕೆಲಸದವರು, ಪುಣೆ-ಲೋಣಾವಳಾ ಲೋಕಲಿನಲ್ಲಿ ನಿತ್ಯ ನಿಂತುಕೊಂಡೇ ಹೋಗಿಬರುವವರು. ಅವರಿಗೆ ಸರಿಯಾದ ಉತ್ತರ ಕೊಡುವುದು ನ್ಯಾಯ.

ಮೊದಲು ಜಾಲತಾಣದ ಉಪಕಾರವನ್ನು ಒಪ್ಪಿಕೊಳ್ಳೋಣ. ನಮ್ಮ ಹಿರಿಯರು ಡಿಪೋ ಕಾರ್ಖಾನೆಗಳ ಕೆಲಸಕ್ಕೆಂದೋ, ಹೋಟೆಲಿಗೆಂದೋ, ಕಟ್ಟಡದ ಕೂಲಿಗೆಂದೋ ಈ ದೇಹೂ ರೋಡಿಗೆ ಬಂದ ಕಾಲದಲ್ಲಿ ಊರಿನ ಕ್ಷೇಮಸಮಾಚಾರಕ್ಕೆ ಇನ್‌ಲ್ಯಾಂಡ್ ಕಾಗದ, ಸಾವಿನ ಸುದ್ದಿಗೆ ತಂತಿ. ಆ ತಂತಿಯ ಸೇವೆಯೂ 2013ರ ಜುಲೈಯಲ್ಲಿ ನಿಂತುಹೋಯಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಹೆತ್ತವರ ಮುಖವನ್ನು ಅಂಗೈಯಗಲದ ಗಾಜಿನಲ್ಲಿ ಕಂಡು ಸಮಾಧಾನಪಟ್ಟವರು ನಾವೇ. ಅದನ್ನು ಮರೆತು ಮಾತನಾಡುವುದು ಕೃತಘ್ನತೆ.

ಆದರೆ ಮುಖ ಕಂಡಮಾತ್ರಕ್ಕೆ ಎಲ್ಲವೂ ದೊರೆಯಿತೇ? ಇದಕ್ಕೆ ನಮ್ಮ ನೆರೆಯಲ್ಲಿಯೇ ಸಾಕ್ಷಿಯಿದೆ. ದೇಹುವಿನಿಂದ ಪ್ರತಿವರ್ಷ ಜ್ಯೇಷ್ಠ ಮಾಸದಲ್ಲಿ ತುಕಾರಾಮ ಮಹಾರಾಜರ ಪಾಲಖಿ ಪಂಢರಪುರಕ್ಕೆ ಹೊರಡುವುದನ್ನು ತಾವೆಲ್ಲ ಬಲ್ಲಿರಿ. 2020 ಮತ್ತು 2021ರಲ್ಲಿ ರೋಗದ ಭಯದಿಂದ ಪಾದುಕೆಗಳನ್ನು ಬಸ್ಸಿನಲ್ಲಿ ಒಯ್ದರು. ಮಿಕ್ಕ ಭಕ್ತರು ಮನೆಯಲ್ಲಿ ಕುಳಿತು ಪರದೆಯ ಮೇಲೆ ನೋಡಿದರು. ನೋಟಕ್ಕೇನೂ ಕೊರತೆಯಿರಲಿಲ್ಲ, ನೂಕುನುಗ್ಗಲಿನಲ್ಲಿ ಕಾಣುವುದಕ್ಕಿಂತ ಕ್ಯಾಮರಾದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೂ 2022ರಲ್ಲಿ ದಾರಿ ತೆರೆದೊಡನೆ ಲಕ್ಷಗಟ್ಟಲೆ ಜನ ಮತ್ತೆ ನಡೆದೇ ಹೊರಟರು. ದಿಂಡಿಯಲ್ಲಿ ಪಕ್ಕದವನ ಹೆಜ್ಜೆಗೆ ಹೆಜ್ಜೆ ಹಾಕುವುದು, ಅವನ ಕಾಲುನೋವನ್ನು ವಿಚಾರಿಸುವುದು, ರೊಟ್ಟಿ ಹಂಚಿ ತಿನ್ನುವುದು, ಇವೆಲ್ಲ ಕೂಡಿಯೇ ವಾರಿ.

ನಮ್ಮ ಕಸುಬು ಬ್ಯಾಂಕಿನ ಕೌಂಟರಿನದು. 2016ರಲ್ಲಿ ಯುಪಿಐ ಬಂದ ಮೇಲೆ ಮೊಬೈಲಿನಲ್ಲಿಯೇ ಹಣ ಕಳಿಸುವುದು ರೂಢಿಯಾಯಿತು. ಬಹಳ ಒಳ್ಳೆಯದಾಯಿತು. ಆದರೆ ಹಣ ತೆಗೆಯುವ ಸ್ಲಿಪ್ ಬರೆಸಲು ಬಂದ ಕಲಬುರಗಿಯ ಕಡೆಯ ಮುದುಕರೊಬ್ಬರು "ನೀವು ನಮ್ಮ ಕಡೆಯವರೇನ್ರೀ?" ಎಂದು ಕೇಳಿ, ಹೌದೆಂದೊಡನೆ ಹೊಲದ ಸಾಲ, ಮಗನ ಮುನಿಸು ಎಲ್ಲವನ್ನೂ ಎರಡು ನಿಮಿಷದಲ್ಲಿ ಹೇಳಿಬಿಡುತ್ತಾರೆ. ಇದನ್ನು ಗುಂಪಿನಲ್ಲಿ ಯಾರು ಬರೆದಾರು? ಗುಂಪಿನಲ್ಲಿ ಎಲ್ಲರೂ ಕ್ಷೇಮ. ಹೆಬ್ಬೆರಳಿನ ಚಿತ್ರವೊಂದನ್ನು ಒತ್ತಿದರೆ ಆಯಿತು.

ಇನ್ನು ಮಕ್ಕಳ ಮಾತು. ಇದೇ ನಮ್ಮ ಮುಖ್ಯ ಕಾಳಜಿ. ನಮ್ಮ ಮಕ್ಕಳು ಇಂಗ್ಲಿಷ್ ಇಲ್ಲವೆ ಮರಾಠಿ ಶಾಲೆಗೆ ಹೋಗುತ್ತಾರೆ. ಬಹುಮಂದಿಗೆ ಕನ್ನಡ ಲಿಪಿ ಬಾರದು. ನಾವು ಗುಂಪಿಗೆ ಹಾಕುವ ಸುಭಾಷಿತ, ರಾಜ್ಯೋತ್ಸವದ ಶುಭಾಶಯ ಅವರ ಪಾಲಿಗೆ ಬರಿಯ ಚಿತ್ರ. ಅವರಿಗೆ ಕನ್ನಡ ಕಿವಿಯ ಭಾಷೆ; ಯಾರಾದರೂ ಅವರೊಡನೆ ಆಡಿದರೆ ಉಂಟು, ಆಡದಿದ್ದರೆ ಇಲ್ಲ.

ಅಮೆರಿಕದ ಪೆಟ್ರೀಷಿಯಾ ಕೂಲ್ ಎಂಬ ವಿಜ್ಞಾನಿಯೂ ಸಂಗಡಿಗರೂ 2003ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಂಗ್ಲಿಷ್ ಮನೆಮಾತಿನ 9 ತಿಂಗಳ ಕೂಸುಗಳಿಗೆ ಹನ್ನೆರಡು ಸಲ ಚೀನೀ ಭಾಷೆಯನ್ನು ಕೇಳಿಸಿದರು. ಕೆಲವಕ್ಕೆ ಎದುರು ಕುಳಿತು ಆಡಿಸುತ್ತ, ಕೆಲವಕ್ಕೆ ಪರದೆಯ ಮೇಲೆ ಇಲ್ಲವೆ ಧ್ವನಿಮುದ್ರಣದಲ್ಲಿ. ಎದುರು ಕೇಳಿದ ಕೂಸುಗಳು ಆ ಭಾಷೆಯ ಧ್ವನಿಭೇದವನ್ನು ಗುರುತಿಸಿದವು, ಉಳಿದವು ಕಲಿಯಲಿಲ್ಲ. 2014ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗವು ಇನ್ನೊಂದು ಮುಖವನ್ನು ತೋರಿಸಿತು. ಎರಡು ವರ್ಷ ದಾಟಿದ ಮಕ್ಕಳು ವಿಡಿಯೋ ಕರೆಯಲ್ಲಿ ಎದುರಿನವರು ಮರುಮಾತು ಕೊಡುತ್ತಿದ್ದಾಗ ಹೊಸ ಶಬ್ದ ಕಲಿತರು, ಮೊದಲೇ ಮುದ್ರಿಸಿಟ್ಟ ವಿಡಿಯೋದಿಂದ ಕಲಿಯಲಿಲ್ಲ. ಎಂದರೆ ಗಾಜನ್ನೇ ದೂರಿ ಫಲವಿಲ್ಲ. ಮಗು ಕೇಳಿದ್ದಕ್ಕೆ ಆ ಕ್ಷಣವೇ ಉತ್ತರ ಕೊಡುವವರು ಬೇಕು. ಊರಿನ ಅಜ್ಜಿಯೊಡನೆ ಮಗು ಆಡುವ ವಿಡಿಯೋ ಮಾತಿಗೂ, ನಾವು ಕಳಿಸುವ ನೂರು ಫಾರ್ವರ್ಡುಗಳಿಗೂ ಅಜಗಜಾಂತರ.

ಮೇಲಾಗಿ ಯಾವ ಕನ್ನಡ? ಗುಂಪಿನಲ್ಲಿ ಬರುವುದು ಒಂದೇ ಅಚ್ಚಿನ ಗ್ರಂಥಭಾಷೆ. ನಮ್ಮ ಸಭೆಯಲ್ಲಾದರೋ ವಿಜಯಪುರದವರ "ಹೌದ್ರೀ", ಉಡುಪಿಯವರ "ಮಾರಾಯ್ರೇ", ಮೈಸೂರಿನವರ "ಬನ್ನಿ ಕೂತ್ಕೊಳ್ಳಿ" ಎಲ್ಲವೂ ಒಂದೇ ಚಾಪೆಯ ಮೇಲೆ ಕೇಳಿಬರುತ್ತವೆ. ಯಾರಿಗೆ 'ನೀನು', ಯಾರಿಗೆ 'ನೀವು' ಎಂಬುದನ್ನು ಮಗು ಹಿರಿಯರ ಹುಬ್ಬು ಏರಿದ್ದನ್ನು ಕಂಡೇ ಕಲಿಯುತ್ತದೆ.

ಆದ್ದರಿಂದ ನಮ್ಮ ಸೂಚನೆ ಇಷ್ಟು. ನೋಟೀಸು, ವರ್ಗಣಿಯ ಲೆಕ್ಕ, ವರದಿ ಎಲ್ಲವೂ ಗುಂಪಿಗೇ ಹೋಗಲಿ. (ವರದಿ ವಾಚನದಲ್ಲಿ ಅರ್ಧ ಸಭೆ ಕಳೆಯುವುದು ತಪ್ಪಿದರೆ ಯಾರೂ ಅಳಲಾರರು.) ಸಭೆಯ ಹೊತ್ತನ್ನು ಮಕ್ಕಳಿಗೂ ಹಿರಿಯರಿಗೂ ಬಿಟ್ಟುಕೊಡೋಣ, ಒಂದೊಂದು ಅಜ್ಜ ಅಜ್ಜಿಯರ ಸುತ್ತ ನಾಲ್ಕೈದು ಮಕ್ಕಳು ಕುಳಿತು ಏನು ಬೇಕಾದರೂ ಕೇಳಲಿ. ಹಾಲಿನ ಬಾಡಿಗೆ ಹೊರೆಯಾದರೆ ಸರದಿಯ ಮೇಲೆ ಮನೆಮನೆಗಳಲ್ಲಿ ಸೇರೋಣ. ಚಹಾ ಅವಲಕ್ಕಿಗೆ ಬಹಳ ಖರ್ಚು ಬಾರದು. ಮೊದಲ ಸರದಿಗೆ ನಮ್ಮ ಮನೆಯನ್ನು ಬರೆದುಕೊಳ್ಳಬೇಕೆಂದು ಕಾರ್ಯದರ್ಶಿಗಳಲ್ಲಿ ವಿನಂತಿಸುತ್ತೇವೆ.