ಎದೆ ಝಲ್ಲೆಂದಾಗ

ಎದೆ ಝಲ್ಲೆಂದಿತು, ಎದೆ ಧಸಕ್ಕೆಂದಿತು, ಎದೆ ಹಾರಿತು, ಜೀವ ಬಾಯಿಗೆ ಬಂತು: ಹೆದರಿಕೆಯನ್ನು ಹೇಳುವುದಕ್ಕೆ ನಮ್ಮ ಜನ ಎಷ್ಟು ಬಗೆಯಲ್ಲಿ ಎದೆಯ ಮೊರೆ ಹೊಕ್ಕಿದ್ದಾರೆ ನೋಡಿ. ಕೆಟ್ಟ ಸುದ್ದಿ ಕೇಳಿ ಯಾರಾದರೂ ಕುಸಿದು ಸತ್ತರೆ ‘ಎದೆಯೊಡೆದು ಸತ್ತ’ ಎನ್ನುತ್ತೇವೆ. ವೈದ್ಯಶಾಸ್ತ್ರ ಬಹುಕಾಲ ಇಂಥ ಮಾತುಗಳನ್ನು ಕಥೆಗಾರರಿಗೆ ಬಿಟ್ಟುಕೊಟ್ಟಿತ್ತು. ಈಗ ಹಾಗಿಲ್ಲ. ಕಿವಿಗೆ ಬಿದ್ದ ಸುದ್ದಿ ಎದೆಗೆ ಯಾವ ದಾರಿಯಲ್ಲಿ ಇಳಿಯುತ್ತದೆ, ಇಳಿದು ಏನನ್ನು ಕೆಡಿಸುತ್ತದೆ ಎಂಬುದು ಬಹುಮಟ್ಟಿಗೆ ತಿಳಿದಿದೆ. ಆ ದಾರಿಯಲ್ಲಿ ನಿಮ್ಮನ್ನು ಸ್ವಲ್ಪ ದೂರ ಕರೆದೊಯ್ಯಬೇಕೆಂದು ಆಸೆ.

ಹೃದಯಕ್ಕೆ ಬಡಿಯುವುದನ್ನು ಮಿದುಳು ಹೇಳಿಕೊಡಬೇಕಾಗಿಲ್ಲ. ಕಪ್ಪೆಯ ಹೃದಯವನ್ನು ದೇಹದಿಂದ ಬೇರ್ಪಡಿಸಿ ತಕ್ಕ ಉಪ್ಪುನೀರಿನಲ್ಲಿಟ್ಟರೂ ಅದು ಬಡಿಯುತ್ತಲೇ ಇರುತ್ತದೆ. ನಮ್ಮ ಹೃದಯದ ಬಲಗಡೆಯ ಮೇಲಂಕಣದ ಗೋಡೆಯಲ್ಲಿ ಒಂದು ಪುಟ್ಟ ಗಂಟು ಉಂಟು. ಕೀತ್ ಮತ್ತು ಫ್ಲ್ಯಾಕ್ ಎಂಬಿಬ್ಬರು 1907ರಲ್ಲಿ ಅದನ್ನು ಗುರುತಿಸಿ ಬರೆದರು. ನಿಮಿಷಕ್ಕೆ ಸುಮಾರು 70 ಸಲ ಅಲ್ಲಿಂದ ಸಣ್ಣದೊಂದು ವಿದ್ಯುತ್ ಅಲೆ ಹೊರಟು ಮೇಲಿನಿಂದ ಕೆಳಕ್ಕೆ ಹಬ್ಬುತ್ತದೆ. ಅಲೆ ಹೋದಲ್ಲೆಲ್ಲ ಸ್ನಾಯು ಮುದುಡುತ್ತದೆ, ರಕ್ತ ಮುಂದಕ್ಕೆ ನುಗ್ಗುತ್ತದೆ. ಎತ್ತು ತಾನೇ ನಡೆಯುತ್ತದೆ. ಮಿದುಳು ಹಗ್ಗ ಹಿಡಿದು ಕುಳಿತ ಬಂಡಿಕಾರ, ಅಷ್ಟೆ. ಹಗ್ಗಗಳು ಎರಡು. ಒಂದು ತಡೆಯುವ ನರ, ಇನ್ನೊಂದು ಓಡಿಸುವ ನರ.

ಈ ನರಗಳು ಹೃದಯಕ್ಕೆ ಮಾತು ಮುಟ್ಟಿಸುವ ಬಗೆಯನ್ನು 1921ರಲ್ಲಿ ಆಸ್ಟ್ರಿಯದ ಗ್ರಾಜ್ ನಗರದಲ್ಲಿ ಆಟೊ ಲೋವಿ ತೋರಿಸಿಕೊಟ್ಟ. ಪ್ರಯೋಗ ಹೊಳೆದದ್ದು ಕನಸಿನಲ್ಲಂತೆ. ಎರಡು ಕಪ್ಪೆಗಳ ಹೃದಯಗಳನ್ನು ತೆಗೆದುಕೊಂಡು, ಮೊದಲನೆಯದರ ತಡೆಯುವ ನರವನ್ನು ಕೆಣಕಿ, ಅದರಲ್ಲಿದ್ದ ದ್ರವವನ್ನು ಎರಡನೆಯದಕ್ಕೆ ಹಾಕಿದ. ಯಾರೂ ಮುಟ್ಟದ ಎರಡನೆಯ ಹೃದಯವೂ ನಿಧಾನವಾಯಿತು. ಓಡಿಸುವ ನರವನ್ನು ಕೆಣಕಿದಾಗ ಎರಡನೆಯದೂ ಓಡಿತು. ನರದ ತುದಿಯಿಂದ ಒಂದು ರಸ ಜಿನುಗುತ್ತದೆ, ಮಾತನ್ನು ಹೊತ್ತೊಯ್ಯುವುದು ಆ ರಸ ಎಂದು ಸಿದ್ಧವಾಯಿತು. ಓಡಿಸುವ ರಸ ಕಪ್ಪೆಯಲ್ಲಿ ಅಡ್ರಿನಲಿನ್. ನಮ್ಮಲ್ಲಿ ಅದರ ಒಡಹುಟ್ಟಾದ ನಾರ್ ಅಡ್ರಿನಲಿನ್.

ಅಡ್ರಿನಲಿನ್ ನಮ್ಮಲ್ಲೂ ಉಂಟು, ಆದರೆ ಅದರ ಕಣಜ ಬೇರೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತ ಎರಡು ಗ್ರಂಥಿಗಳು ಅದನ್ನು ಕೂಡಿಟ್ಟುಕೊಂಡಿರುತ್ತವೆ. ಬೆದರಿದೊಡನೆ ಅದು ನೇರವಾಗಿ ರಕ್ತಕ್ಕೆ ಸುರಿಯುತ್ತದೆ. ಅಮೆರಿಕದ ವಾಲ್ಟರ್ ಕ್ಯಾನನ್ ಬೆಕ್ಕುಗಳ ಮುಂದೆ ಬೊಗಳುವ ನಾಯಿಯನ್ನು ನಿಲ್ಲಿಸಿ ಇದನ್ನು ಪರೀಕ್ಷಿಸಿದ. ಹೋರಾಡು, ಇಲ್ಲವೆ ಓಡು: ಎರಡಕ್ಕೂ ಒಂದೇ ಸಿದ್ಧತೆ. ಹುಲಿಯ ಮುಂದೆ ಇದು ವರವೇ ಸರಿ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಹುಲಿ ಎದುರಾಗುವುದಿಲ್ಲ. ಎದುರಾಗುವುದು ಕೋರ್ಟಿನ ನೋಟೀಸು, ದಾಯಾದಿಗಳ ಜಗಳ, ನಡುರಾತ್ರಿ ಬಂದ ದೂರವಾಣಿ ಕರೆ. ಗ್ರಂಥಿಗೆ ಈ ಭೇದ ತಿಳಿಯದು.

ಈಗ ಹೃದಯದ ಒಳಗೆ ಇಳಿಯೋಣ. ಅದರ ಸ್ನಾಯುವಿನ ಒಂದೊಂದು ಜೀವಕಣದ ಒಳಗೂ ಒಂದು ಪುಟ್ಟ ಕೆರೆ ಇದೆ ಎಂದುಕೊಳ್ಳಿ. ಅದರಲ್ಲಿ ತುಂಬಿರುವುದು ಕ್ಯಾಲ್ಸಿಯಂ, ಸುಣ್ಣದಲ್ಲೂ ಎಲುಬಿನಲ್ಲೂ ಇರುವ ಧಾತು. ವಿದ್ಯುತ್ ಅಲೆ ಬಂದಾಗ ಹೊರಗಿನಿಂದ ಒಂದಿಷ್ಟು ಕ್ಯಾಲ್ಸಿಯಂ ಒಳಬರುತ್ತದೆ. ಅದರ ಸೋಂಕಿಗೆ ಕೆರೆಯ ತೂಬು ತೆರೆಯುತ್ತದೆ, ಒಳಗಿನದು ಹರಿದು ಸ್ನಾಯು ಮುದುಡುತ್ತದೆ. ಕೂಡಲೇ ಅದನ್ನು ಎತ್ತಿ ಮತ್ತೆ ಕೆರೆಗೆ ತುಂಬಬೇಕು, ಆಗಲೇ ಸ್ನಾಯು ಸಡಿಲವಾಗುವುದು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಈ ಏತ ಹೊಡೆಯುವ ಕೆಲಸ ನಡೆಯುತ್ತದೆ. ಅಡ್ರಿನಲಿನ್ ಬಂದು ಜೀವಕಣದ ಹೊರಗೋಡೆಯ ಬೀಗದಲ್ಲಿ ಕೀಲಿಯಂತೆ ಕೂತರೆ ಎಲ್ಲವೂ ಜೋರಾಗುತ್ತದೆ. ಹೊರಗಿನಿಂದ ಹೆಚ್ಚು ಒಳಹರಿವು, ಕೆರೆಯಲ್ಲಿ ಹೆಚ್ಚು ಸಂಗ್ರಹ, ಮುದುಡುವುದರಲ್ಲಿ ಹೆಚ್ಚು ಬಲ. ಆದರೆ ಕೆರೆ ಕಂಠಮಟ್ಟ ತುಂಬಿದಾಗ ತೂಬು ಸೋರಬಹುದೆಂಬುದನ್ನು ಯಾವ ರೈತನೂ ಬಲ್ಲ. ಎರಡು ಬಡಿತಗಳ ನಡುವಣ ವಿರಾಮದಲ್ಲಿ ತೂಬು ಸೋರಿತೆಂದರೆ ಆ ಸೋರಿಕೆಯಿಂದಲೇ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದಕ್ಕೆ ಸಾಕಷ್ಟು ಬಲವಿದ್ದರೆ, ಮೇಲಿನ ಗಂಟಿನ ಅಪ್ಪಣೆಯಿಲ್ಲದೆ, ಅಕಾಲದಲ್ಲಿ ಒಂದು ಬಡಿತ.

ಗಟ್ಟಿ ಹೃದಯಕ್ಕೆ ಈ ಅಕಾಲದ ಬಡಿತ ದೊಡ್ಡ ಸಂಗತಿಯೇನಲ್ಲ. ಎದೆಯಲ್ಲಿ ಮೀನು ಹೊರಳಿದಂತೆ, ಒಂದು ಹೆಜ್ಜೆ ತಪ್ಪಿದಂತೆ ಅನ್ನಿಸಿ ಮುಗಿಯುತ್ತದೆ. ನಿಮ್ಮಲ್ಲಿ ಅನೇಕರಿಗೆ ಇದರ ಅನುಭವವಿರಬಹುದು. ತಲೆ ಸುತ್ತುವುದು, ಎಚ್ಚರ ತಪ್ಪುವುದು ಜೊತೆಗಿಲ್ಲದಿದ್ದರೆ ಅದಕ್ಕಾಗಿ ನಿದ್ರೆಗೆಡಬೇಡಿ. ನಿದ್ರೆಗೆಟ್ಟರೆ ಅದು ಇನ್ನೂ ನಾಲ್ಕು ಸಲ ಹೆಚ್ಚಾಗಿ ಬರುತ್ತದೆ!

ಕಲೆಗಟ್ಟಿದ ಹೃದಯದ ಮಾತು ಬೇರೆ. ಹಿಂದೊಮ್ಮೆ ಹೃದಯಾಘಾತವಾಗಿ ಸ್ನಾಯುವಿನ ಒಂದು ತುಂಡು ಸತ್ತು ಗಂಟುಗಟ್ಟಿದ್ದರೆ, ಅದು ಹೊಳೆಯ ನಡುವೆ ಬಂಡೆ ನಿಂತ ಹಾಗೆ. ಸರಿಯಾದ ಕಾಲಕ್ಕೆ ಬಂದ ಅಲೆ ಬಂಡೆಯ ಎರಡೂ ಬದಿ ಹರಿದು ಮುಂದೆ ಹೋಗುತ್ತದೆ. ಅಕಾಲದಲ್ಲಿ ಬಂದದ್ದಕ್ಕೆ ಒಂದು ಬದಿ ಇನ್ನೂ ದಣಿವಾರಿಸಿಕೊಳ್ಳದೆ ಮುಚ್ಚಿರುತ್ತದೆ. ಅದು ಇನ್ನೊಂದು ಬದಿಯಿಂದ ನುಗ್ಗಿ, ಸುತ್ತಿ ಬಂದು, ಹೊರಟಲ್ಲಿಗೇ ತಲಪಿ ಸುಳಿಯಾಗುತ್ತದೆ. ಹೃದಯದ ಕೆಳಂಕಣ ನಿಮಿಷಕ್ಕೆ 200 ಸಲ ಬಡಿಯತೊಡಗಬಹುದು. ಸುಳಿ ಚೂರುಚೂರಾದರೆ ಬಡಿತವೂ ಹೋಗಿ ಬರಿಯ ನಡುಕ ಉಳಿಯುತ್ತದೆ. ರಕ್ತ ಮುಂದೆ ಸಾಗುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ಆಗ ಸುತ್ತಲಿನವರು ಮುಖಕ್ಕೆ ನೀರು ಚಿಮುಕಿಸುತ್ತ, ಕೈಗೆ ಕಬ್ಬಿಣ ಕೊಡುತ್ತ ನಿಲ್ಲುವುದನ್ನು ನೆನೆದರೆ ಸಂಕಟವಾಗುತ್ತದೆ. ಒಬ್ಬರು 108ಕ್ಕೆ ಕರೆಮಾಡಲಿ. ಇನ್ನೊಬ್ಬರು ಎದೆಯ ನಡುಮೂಳೆಯ ಮೇಲೆ ಎರಡೂ ಅಂಗೈಯಿಟ್ಟು, ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರಿನಷ್ಟು ಆಳಕ್ಕೆ ಒತ್ತುತ್ತಲೇ ಇರಲಿ.

ಜಾನ್ ಹಂಟರ್ ಎಂಬ ಲಂಡನ್ನಿನ ಶಸ್ತ್ರವೈದ್ಯನ ಹೆಸರನ್ನು ಕೆಲವರು ಕೇಳಿರಬಹುದು. ಆತನಿಗೆ ಎದೆನೋವು ಇತ್ತು, ಕೋಪವೂ ವಿಪರೀತ. ಯಾವ ಪೋಕರಿಯಾದರೂ ನನ್ನನ್ನು ಕೆರಳಿಸಿದರೆ ಸಾಕು, ನನ್ನ ಪ್ರಾಣ ಅವನ ಕೈಯಲ್ಲಿದೆ ಎಂದು ಹೇಳಿಕೊಳ್ಳುತ್ತಿದ್ದನಂತೆ. 1793ರ ಅಕ್ಟೋಬರ್ 16ರಂದು ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಹಂಟರ್ ಸಿಟ್ಟನ್ನು ನುಂಗಿಕೊಂಡು ಪಕ್ಕದ ಕೋಣೆಗೆ ಹೋದ, ಅಲ್ಲೇ ಬಿದ್ದು ಸತ್ತ. ಕೊನೆಯ ಗಳಿಗೆಯ ಲಯ ಹೇಗಿತ್ತೋ, ಅದನ್ನು ಬರೆದಿಡುವ ಯಂತ್ರ ಬಂದದ್ದು ನೂರು ವರ್ಷಗಳ ಮೇಲೆ. ದೇಹವನ್ನು ಕೊಯ್ದು ನೋಡಿದಾಗ ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಎಲುಬಿನಂತೆ ಗಟ್ಟಿಯಾಗಿದ್ದವು. ಆತನ ಶಿಷ್ಯ, ಸಿಡುಬಿನ ಲಸಿಕೆಯ ಎಡ್ವರ್ಡ್ ಜೆನ್ನರ್, ಇದನ್ನು ಮೊದಲೇ ಶಂಕಿಸಿ, ಗುರುವಿಗೆ ನೋವಾದೀತೆಂದು ಬಾಯಿಬಿಟ್ಟಿರಲಿಲ್ಲ.

ಒಬ್ಬನ ಕಥೆಯಿಂದ ಶಾಸ್ತ್ರ ನಡೆಯುವುದಿಲ್ಲವೆಂದರೆ, ಒಂದು ಇಡೀ ಪ್ರದೇಶದ ಲೆಕ್ಕ ಇಲ್ಲಿದೆ. 1994ರ ಜನವರಿ 17ರಂದು ಬೆಳಗಿನ ಜಾವ ನಾಲ್ಕೂವರೆಗೆ ಅಮೆರಿಕದ ಲಾಸ್ ಏಂಜಲಿಸ್ ಸೀಮೆ ಕಂಪಿಸಿತು. ಹಿಂದಿನ ವಾರ ಅಲ್ಲಿ ಹೃದಯರೋಗದಿಂದ ಹಠಾತ್ತನೆ ಸತ್ತವರ ಸಂಖ್ಯೆ ದಿನಕ್ಕೆ ಸರಾಸರಿ 4.6. ಭೂಕಂಪದ ದಿನ 24. ಅವರಲ್ಲಿ ಮೂವರು ಮಾತ್ರ ಅಸಾಧಾರಣ ಶ್ರಮಪಟ್ಟವರು. ಉಳಿದವರನ್ನು ಕೊಂಡೊಯ್ದದ್ದು ಬರಿಯ ಭಯ ಎನ್ನಬೇಕು. ಕಣ್ಣಿಗೆ ಬೀಳದೆ ಹೋಗುವ ಇನ್ನೊಂದು ಅಂಕಿ ಇದೆ. ಮುಂದಿನ ಆರು ದಿನಗಳಲ್ಲಿ ಈ ಸಾವುಗಳು ದಿನಕ್ಕೆ 2.7ಕ್ಕೆ ಇಳಿದವು. ಮೊದಲೇ ತುಂಬಿ ನಿಂತಿದ್ದ ಕೆರೆಗಳ ಏರಿಯನ್ನು ಕಂಪ ಒಡೆಯಿತು. ಗಟ್ಟಿ ಏರಿಗಳು ಅದೇ ಕಂಪವನ್ನು ತಾಳಿಕೊಂಡವು.

ಮನೆಯಲ್ಲಿ ಹೃದಯರೋಗಿ ಇದ್ದರೆ ಅವರ ಕಿವಿಗೆ ಏನೂ ಬೀಳದಂತೆ ಕಾಯುವವರು ಬಹಳ. ಆದರೆ ಲೋಕದ ಸುದ್ದಿಯನ್ನೆಲ್ಲ ಬಾಗಿಲಲ್ಲಿ ತಡೆಯಲಾದೀತೆ? ಸುದ್ದಿಯನ್ನು ತಡೆಯುವುದಕ್ಕಿಂತ ಬೀಗವನ್ನು ಮುಚ್ಚುವುದು ಮೇಲು. ಅಡ್ರಿನಲಿನ್ನಿನ ಬೀಗಗಳಲ್ಲಿ ಎರಡು ಬಗೆ ಉಂಟೆಂದು 1948ರಲ್ಲಿ ರೇಮಂಡ್ ಆಲ್‌ಕ್ವಿಸ್ಟ್ ತೋರಿಸಿದ. ಹೃದಯದ ಬೀಗದಲ್ಲಿ ಹೊಂದಿಕೂರುವ, ಆದರೆ ಅದನ್ನು ತೆರೆಯದ ಹುಸಿಕೀಲಿಯನ್ನು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಹುಡುಕಿ, 1964ರಲ್ಲಿ ಪ್ರೊಪ್ರನಲಾಲ್ ಎಂಬ ಔಷಧವನ್ನು ಕೊಟ್ಟ. 1988ರಲ್ಲಿ ಆತನಿಗೆ ನೊಬೆಲ್ ಬಹುಮಾನ ಬಂತು. ಹೃದಯಾಘಾತದಿಂದ ಉಳಿದ 3837 ಮಂದಿಯ ಮೇಲೆ ಅಮೆರಿಕದಲ್ಲಿ ಇದನ್ನು ಸುಮಾರು ಎರಡು ವರ್ಷ ಪರೀಕ್ಷಿಸಿದರು. ಹುಸಿ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 9.8 ಮಂದಿ ಸತ್ತರೆ ಔಷಧ ತೆಗೆದುಕೊಂಡವರಲ್ಲಿ 7.2. ಉಬ್ಬಸದವರಿಗೆ ಇದು ಆಗಿಬರುವುದಿಲ್ಲ. ಮತ್ತೊಂದು ಎಚ್ಚರಿಕೆ: ಮೈ ಹಗುರವಾಯಿತೆಂದು ಈ ಗುಳಿಗೆಯನ್ನು ಒಮ್ಮೆಲೇ ಬಿಡಕೂಡದು. ಬೀಗಗಳನ್ನು ಮುಚ್ಚಿದಷ್ಟು ಕಾಲ ಜೀವಕಣ ಹೊಸ ಬೀಗಗಳನ್ನು ಹೂಡಿಕೊಂಡಿರುತ್ತದೆ. ಗುಳಿಗೆ ನಿಂತ ದಿನ ಅಡ್ರಿನಲಿನ್ನಿಗೆ ಮೊದಲಿಗಿಂತ ಹೆಚ್ಚು ಬಾಗಿಲುಗಳು ತೆರೆದಿರುತ್ತವೆ.

ಕಡೆಗೆ ಮಕ್ಕಳ ವಿಷಯ. ಕಲೆಯಿಲ್ಲ, ನಾಳ ಗಟ್ಟಿಯಾಗಿಲ್ಲ, ಆದರೂ ಓಡುವಾಗ, ಈಜುವಾಗ, ಮೇಷ್ಟರು ಗದರಿದಾಗ, ಗಡಿಯಾರದ ಗಂಟೆ ಫಕ್ಕನೆ ಬಡಿದಾಗ ಪ್ರಜ್ಞೆ ತಪ್ಪಿ ಬೀಳುವ ಮಕ್ಕಳಿದ್ದಾರೆ. ಕೆಲವರಿಗೆ ಕೆರೆಯ ತೂಬಿನ ಕದವೇ ಹುಟ್ಟಿನಿಂದ ಸಡಿಲ. ಮತ್ತೆ ಕೆಲವರಿಗೆ ಪ್ರತಿ ಬಡಿತದ ಬಳಿಕ ವಿದ್ಯುತ್ತು ಶಮನವಾಗುವುದು ತಡ. 1957ರಲ್ಲಿ ನಾರ್ವೆಯ ಇಬ್ಬರು ವೈದ್ಯರು ಒಂದು ಸಂಸಾರವನ್ನು ವರ್ಣಿಸಿದರು: ಆರು ಮಕ್ಕಳಲ್ಲಿ ನಾಲ್ವರು ಹುಟ್ಟುಕಿವುಡರು, ನಾಲ್ವರೂ ಹೀಗೆ ಬೀಳುತ್ತಿದ್ದವರು, ಅವರಲ್ಲಿ ಮೂವರು ಎಳವೆಯಲ್ಲೇ ತೀರಿಕೊಂಡರು. ನಮ್ಮ ಹಳ್ಳಿಗಳಲ್ಲಿ ಇಂಥ ಮಗುವಿಗೆ ಗಾಳಿ ಸೋಕಿತೆಂದು ತಾಯತ ಕಟ್ಟಿಸುತ್ತಾರೆ. ಪಟ್ಟಣದಲ್ಲಾದರೆ ಮೂರ್ಛೆರೋಗವೆಂದು ವರ್ಷಗಟ್ಟಲೆ ಬೇರೆ ಔಷಧ ನಡೆದುಬಿಡಬಹುದು. ಮಗು ಬಿದ್ದದ್ದು ಓಡುವಾಗಲೋ ಬೆಚ್ಚಿದಾಗಲೋ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಮಲಗಿಸಿ ತೆಗೆದ ಹೃದಯಲೇಖನ ಸರಿಯಾಗಿದ್ದರೂ, ಸಡಿಲ ತೂಬಿನ ದೋಷವು ನಡೆಸಿ, ಓಡಿಸಿ ತೆಗೆದದ್ದರಲ್ಲಿ ಬಯಲಾಗಬಹುದು. ಇವರಿಗೂ ಮೊದಲ ಔಷಧ ಹುಸಿಕೀಲಿಯ ಜಾತಿಯ ಗುಳಿಗೆಯೇ. ಒಂದು ಮಗುವಿನಲ್ಲಿ ದೋಷ ಕಂಡರೆ ಅದರ ಅಣ್ಣ, ಅಕ್ಕ, ತಮ್ಮ, ತಂಗಿಯರನ್ನೂ ತಂದೆತಾಯಿಗಳನ್ನೂ ಪರೀಕ್ಷೆಗೆ ಕರೆದೊಯ್ಯಬೇಕು, ಅವರು ಇದುವರೆಗೆ ಒಮ್ಮೆಯೂ ಬಿದ್ದಿರದಿದ್ದರೂ.