ಗೊಬ್ಬೂರದ ಹೊಲಕ್ಕೆ ಹದವಾದ ಗೊಬ್ಬರ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ರೈತ ಗೋಷ್ಠಿಯಲ್ಲಿ ಮೆಕ್ಕೆ ಜೋಳದ ಬೇಸಾಯ ಕುರಿತು ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ದಿನ ನಾಲ್ಕು ಮಾತು ಆಡಲು ನಮಗೆ ಅವಕಾಶ ಕೊಟ್ಟಿದ್ದೀರಿ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರ ರೈತರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆ ಬಳ್ಳಿಯ ಒಂದು ಕುಡಿಯೇ ನಮ್ಮ ಸಂಘ. ಸಂಘ ಅಂದರೆ ಬರೀ ಸಾಲ ಕೊಡುವ, ಸಾಲ ಕಟ್ಟಿಸಿಕೊಳ್ಳುವ ಕಟ್ಟಡ ಅಲ್ಲ. ಒಬ್ಬ ರೈತ ಕಲಿತ ಪಾಠ ಹತ್ತು ರೈತರಿಗೆ ಮುಟ್ಟುವ ಜಾಗ ಅದು. ಆದ್ದರಿಂದ ನಾವು ನಷ್ಟ ಪಟ್ಟು ಕಲಿತದ್ದನ್ನು ನಾಚಿಕೆ ಬಿಟ್ಟು ತಮ್ಮ ಮುಂದೆ ಹೇಳುತ್ತೇವೆ.

ನಮ್ಮೂರ ಹೆಸರು ಗೊಬ್ಬೂರ. ಬ್ಯಾರೆ ಊರಿನ ಬೀಗರು ಬಂದಾಗ, "ಹೆಸರಿನಾಗ ಗೊಬ್ಬರ ಐತಿ, ನಿಮ್ಮ ಹೊಲಕ್ಕೇನು ಕಡಿಮಿ?" ಅಂತ ನಗಚಾಟಿಕೆ ಮಾಡುತ್ತಾರೆ. ಹೆಸರಿನಾಗ ಇದ್ದರೇನು ಬಂತು, ಹೊಲದಾಗ ಇರಬೇಕಲ್ಲ! ಇದ್ದ ಗೊಬ್ಬರವೂ ಹದವಾಗಿರಬೇಕು. ನಮ್ಮ ಇವತ್ತಿನ ಮಾತೆಲ್ಲ ಈ ಹದದ ಮೇಲೆಯೇ ಅದ.

ಮೆಕ್ಕೆ ಜೋಳಕ್ಕೆ ಧಾರವಾಡ ಕಡೆ ಗೋವಿನ ಜೋಳ ಅಂತಾರ, ಮೈಸೂರು ಕಡೆ ಮುಸುಕಿನ ಜೋಳ ಅಂತಾರ. ಹೆಸರು ಯಾವುದಿದ್ದರೂ ಇದು ಹೊಟ್ಟೆಬಾಕ ಬೆಳೆ. ಮೂರೂವರೆ ನಾಲ್ಕು ತಿಂಗಳಲ್ಲಿ ಆಳೆತ್ತರ ಬೆಳೆದು ತೆನೆ ಕಟ್ಟಬೇಕಾದರೆ ಭೂಮಿಯಿಂದ ಬಹಳ ಸಾರ ಎಳೆಯುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ನಮ್ಮ ಹಳೆಯ ಬೆಳೆ ಜೋಳ ಮತ್ತು ತೊಗರಿ. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದ್ದರಿಂದ ಮೆಕ್ಕೆ ಜೋಳ ಬಿತ್ತುವ ನಮ್ಮಂಥವರು ತೊಗರಿಯನ್ನು ಪೂರ್ತಿ ಬಿಡುವುದಿಲ್ಲ. ನಡುವೆ ಅಕ್ಕಡಿ ಸಾಲು ಹಾಕುತ್ತೇವೆ. ನಮ್ಮ ಕಥೆ ಇಲ್ಲಿಂದಲೇ ಸುರುವಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಾವು ಮೂರು ಎಕರೆ ಕರಿ ಭೂಮಿಗೆ ತಿಪ್ಪೆಯ ಗೊಬ್ಬರ ಹೇರಿದೆವು. ಯುಗಾದಿ ಮುಗಿದಿತ್ತು, ಬಂಡಿ ಖಾಲಿ ಇತ್ತು, ಕೈಗೆ ಸಿಕ್ಕಿದ್ದನ್ನು ತುಂಬಿದೆವು. ಮೇಲಿನದು ಇನ್ನೂ ಹಸಿ ಹೆಂಡಿ, ದನ ತಿಂದು ಬಿಟ್ಟ ಕಣಕಿ, ಅಂಗಳದ ಕಸ. ಮಿರಗ ಮಳೆ ಆಯಿತು, ಬಿತ್ತಿದೆವು. ಬೆಳೆಗಿಂತ ಮೊದಲು ಕಸವೇ ಎದ್ದಿತು! ರಾಜಗಿರಿ, ಕಾಂಗ್ರೆಸ್ ಕಸ, ನಾನಾ ನಮೂನಿ ಹುಲ್ಲು. ಅದರಲ್ಲೂ ಬಂಡಿಯಿಂದ ಗೊಬ್ಬರ ಕೆಡವಿದ ಗುಂಪಿಗಳು ಎಲ್ಲೆಲ್ಲಿ ಇದ್ದವೋ ಅಲ್ಲೆಲ್ಲ ಕಸ ಚಾಪೆ ಹಾಸಿದಂಗ ಬೆಳೆದಿತ್ತು. ಅದನ್ನು ನೋಡಿ ನಮ್ಮ ಅವ್ವ ಒಂದೇ ಮಾತು ಹೇಳಿದಳು: "ಈ ಕಸ ಮಳಿಯಿಂದ ಬಂದಿಲ್ಲಪ್ಪಾ, ನೀವ ಬಂಡ್ಯಾಗ ಹೇರಿಕೊಂಡು ತಂದೀರಿ."

ಆ ವರ್ಷ ಹೆಣ್ಣಾಳಿನ ಕೂಲಿಗೇ ಕೈಯಲ್ಲಿದ್ದ ರೊಕ್ಕ ಮುಗಿಯಿತು. ಮರುವರ್ಷ ಈ ತಾಪತ್ರಯವೇ ಬ್ಯಾಡ ಎಂದು ಅಂಗಡಿಗೆ ಹೋಗಿ "ಮೆಕ್ಕೆ ಜೋಳಕ್ಕೆ ಕಸದ ಔಷಧ ಕೊಡ್ರಿ" ಅಂದೆವು. ಅಟ್ರಾಜಿನ್ ಕೊಟ್ಟರು. ನಡುವೆ ತೊಗರಿ ಸಾಲು ಅದ ಎಂದು ನಾವು ಹೇಳಲಿಲ್ಲ, ಅವರು ಕೇಳಲಿಲ್ಲ. ಬಿತ್ತಿದ ಮರುದಿನ ಹೊಡೆದೆವು. ಮೆಕ್ಕೆ ಜೋಳ ಚೆಂದಾಗಿ ಬಂತು. ತೊಗರಿಯೂ ಮೊಳೆಯಿತು, ಆದರೆ ಎಲೆ ಬಿಚ್ಚುತ್ತಿದ್ದಂತೆ ಅಂಚು ಹಳದಿಯಾಗಿ ಸುಟ್ಟಂಗಾಗಿ ಸಾಲಿಗೆ ಸಾಲೇ ಒಣಗಿತು. ಮೆಕ್ಕೆ ಜೋಳದ ಗಿಡಕ್ಕೆ ಈ ಔಷಧವನ್ನು ತನ್ನೊಳಗೇ ಮುರಿದು ಹಾಕುವ ಶಕ್ತಿ ಅದ. ತೊಗರಿಗೆ ಆ ಶಕ್ತಿ ಇಲ್ಲ. ಔಷಧದ ತಪ್ಪಲ್ಲ, ನಮ್ಮ ತಿಳಿವಳಿಕೆಯ ತಪ್ಪು. ಆದರೆ ಆ ವರ್ಷ ಮನೆಯ ಬ್ಯಾಳಿಯನ್ನೂ ಕೊಂಡು ತಿಂದೆವು. ತೊಗರಿ ಬೆಳೆಯುವ ನಾಡಿನವರಿಗೆ ಇದಕ್ಕಿಂತ ನಾಚಿಕೆ ಬ್ಯಾರೆ ಏನದ?

ಆಮೇಲೆ ಕುಂತು ವಿಚಾರ ಮಾಡಿದಾಗ ತಿಳಿಯಿತು. ತೊಗರಿ ಸತ್ತದ್ದು ಔಷಧದಿಂದ. ಔಷಧ ಬಂದದ್ದು ಕಸದಿಂದ. ಕಸ ಬಂದದ್ದು ನಮ್ಮ ತಿಪ್ಪೆಯಿಂದ. ಗೊಬ್ಬರ ಬ್ಯಾರೆ, ಕಳೆ ಬ್ಯಾರೆ ಎಂದು ನಾವು ತಿಳಿದಿದ್ದೆವು. ಎರಡೂ ಒಂದೇ ಲೆಕ್ಕ.

ಅನೇಕ ಕಳೆಗಳ ಗಟ್ಟಿ ಬೀಜ ದನದ ಹೊಟ್ಟೆಯಲ್ಲಿಯೂ ಸಾಯುವುದಿಲ್ಲ; ಹೆಂಡಿಯ ಜೊತೆ ಜೀವಂತವಾಗಿಯೇ ಹೊರಗೆ ಬರುತ್ತದೆ. ಅದನ್ನು ಕೊಲ್ಲುವುದು ತಿಪ್ಪೆಯ ಕಾವು. ಸರಿಯಾಗಿ ಕೊಳೆಯುವ ತಿಪ್ಪೆಯ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಕಾವು ಹುಟ್ಟುತ್ತದೆ. ಆ ಕಾವು ಕೆಲವು ದಿನ ನಿಂತರೆ ಬಹಳಷ್ಟು ಬೀಜ ಬೆಂದು ಹೋಗುತ್ತದೆ. ಆದರೆ ಕಾವು ನಡುವೆ ಮಾತ್ರ ಇರುತ್ತದೆ, ಅಂಚಿನಲ್ಲಿ ಇರುವುದಿಲ್ಲ. ಅದಕ್ಕೇ ತಿಪ್ಪೆಯನ್ನು ತಿರುವಿ ಹಾಕಬೇಕು: ಹೊರಗಿನದು ಒಳಗೆ, ಒಳಗಿನದು ಹೊರಗೆ. ನೂರು ವರ್ಷದ ಹಿಂದೆ ಆಲ್ಬರ್ಟ್ ಹೋವರ್ಡ್ ಎಂಬ ವಿಜ್ಞಾನಿ ನಮ್ಮ ದೇಶದ ರೈತರಿಂದಲೇ ಕಲಿತು ಇಂದೂರಿನಲ್ಲಿ ರೂಪಿಸಿದ ಕಾಂಪೋಸ್ಟ್ ಪದ್ಧತಿಯ ಜೀವಾಳವೂ ಈ ತಿರುವಿ ಹಾಕುವುದೇ.

ಮಾಡುವ ರೀತಿ ಕಷ್ಟದ್ದಲ್ಲ. ಒಂದು ಪದರ ಕಣಕಿ, ತೊಗರಿ ಹೊಟ್ಟು, ಎಲೆ, ಅದರ ಮೇಲೆ ಒಂದು ಪದರ ಹೆಂಡಿ, ಗಂಜಲ ನೆನೆದ ಮಣ್ಣು, ಮೇಲೆ ನೀರು. ಒಂದು ಹಿಡಿ ತೆಗೆದು ಹಿಂಡಿದರೆ ಕೈ ತೇವವಾಗಬೇಕು, ನೀರು ಸೋರಬಾರದು. ಮೂರು ನಾಲ್ಕು ದಿನಕ್ಕೆ ನಡುವೆ ಕಬ್ಬಿಣದ ಹಾರಿ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ಮುಟ್ಟಿ ನೋಡ್ರಿ. ಕೈ ಚುರುಕ್ ಅಂದರೆ ತಿಪ್ಪಿ ಕೆಲಸ ಮಾಡಾಕತ್ತದ. ತಣ್ಣಗಿದ್ದರೆ ನೀರು ಇಲ್ಲವೇ ಹೆಂಡಿ ಕಡಿಮೆಯಾಗಿದೆ. ಕಾವು ಇಳಿದ ಮೇಲೆ ತಿರುವಿ ಹಾಕ್ರಿ. ಹೀಗೆ ಎರಡು ಮೂರು ಸಲ ತಿರುವಿದರೆ ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಕಪ್ಪಾಗಿ, ಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ.

ಹೊಲಕ್ಕೆ ಹೇರುವ ಮುಂಚೆ ಒಂದು ಪರೀಕ್ಷೆ ಮಾಡ್ರಿ. ಹಳೆಯ ಡಬ್ಬಿಯಲ್ಲಿ ಆ ಗೊಬ್ಬರ ತುಂಬಿ ಹತ್ತು ಹನ್ನೆರಡು ದಿನ ನೀರು ಚಿಮುಕಿಸ್ರಿ. ಏನೇನು ಮೊಳೆಯುತ್ತದೋ ಅದೇ ನಾಳೆ ನಿಮ್ಮ ಹೊಲದಾಗ ಮೊಳೆಯುತ್ತದೆ. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲು ಕಿತ್ತರೆ ಮಾತ್ರ ತಿಪ್ಪೆಗೆ ಹಾಕಬಹುದು. ಒಂದೊಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸುವ ಕಸ ಅದು. ಹೂ ಬಿಟ್ಟದ್ದನ್ನು ತಿಪ್ಪೆಗೆ ಒಯ್ಯಬ್ಯಾಡ್ರಿ.

ಅರೆಕೊಳೆತ ಗೊಬ್ಬರದಿಂದ ಇನ್ನೂ ಎರಡು ಹಾನಿ ಅದ. ಒಂದು, ಗೆದ್ದಲು ಮತ್ತು ಗೊಣ್ಣೆ ಹುಳದ ಕಾಟ. ಇನ್ನೊಂದು, ಕೊಳೆಯದ ಕಣಕಿ ಹೊಲದಲ್ಲಿ ಕೊಳೆಯುವಾಗ ಭೂಮಿಯ ಸಾರಜನಕವನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಎಳೆ ಬೆಳೆ ಹಳದಿ ಬೀಳುತ್ತದೆ.

ಈಗ ಲೆಕ್ಕದ ಮಾತು. ಎಕರೆಗೆ 4 ಟನ್, ಅಂದರೆ ಬಂಡಿಗೆ ಸುಮಾರು 5 ಕ್ವಿಂಟಲ್ ಹಿಡಿದರೆ 8 ಬಂಡಿ ಗೊಬ್ಬರ ಬೇಕು. ಬಿತ್ತುವ ಎರಡು ಮೂರು ವಾರ ಮೊದಲು ಹರವಿ ಮಣ್ಣಿನಲ್ಲಿ ಬೆರೆಸಬೇಕು. ಒಳ್ಳೆಯ ತಿಪ್ಪೆ ಗೊಬ್ಬರದ ಒಂದು ಟನ್ನಿನಲ್ಲಿ ಸುಮಾರು 5 ಕಿಲೋ ಸಾರಜನಕ ಇರುತ್ತದೆ. 4 ಟನ್ನಿಗೆ 20 ಕಿಲೋ ಆಯಿತು, ಅಂದರೆ 45 ಕಿಲೋದ ಒಂದು ಚೀಲ ಯೂರಿಯಾದಷ್ಟು. ಮಳೆಯಾಶ್ರಿತ ಮೆಕ್ಕೆ ಜೋಳಕ್ಕೆ ಬೇಕಾಗುವುದು ಎಕರೆಗೆ ಸುಮಾರು 40 ಕಿಲೋ. ಅದರ ಮೇಲೆ ತಿಪ್ಪೆ ಗೊಬ್ಬರ ತನ್ನ ಸಾರವನ್ನು ಒಂದೇ ವರ್ಷದಲ್ಲಿ ಪೂರ್ತಿ ಕೊಡುವುದಿಲ್ಲ. ಎರಡು ಮೂರು ವರ್ಷ ಹಂಚಿ ಕೊಡುತ್ತದೆ. ಆದ್ದರಿಂದ "ನಾಳೆಯಿಂದ ಯೂರಿಯಾ ಪೂರ್ತಿ ಬಿಡ್ರಿ" ಎಂದು ನಾವು ಸುಳ್ಳು ಹೇಳುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ವರ್ಷ ವರ್ಷ ಕಡಿಮೆ ಮಾಡುತ್ತ ಬರ್ರಿ. ಆದರೆ ಮಳೆ ಕೈಕೊಟ್ಟಾಗ ತೇವ ಹಿಡಿದಿಡುವ ಗುಣ ಯಾವ ಚೀಲದಾಗೂ ಸಿಗುವುದಿಲ್ಲ. ಅದು ತಿಪ್ಪೆಯಲ್ಲಿ ಮಾತ್ರ ಸಿಗುತ್ತದೆ.

ಇನ್ನು ಕಳೆ. ಮೆಕ್ಕೆ ಜೋಳಕ್ಕೆ ಮೊದಲ 45 ದಿನವೇ ಕಷ್ಟದ ಕಾಲ. ಆಮೇಲೆ ಎಲೆ ಹರಡಿ ನೆರಳಾಗಿ ಬೆಳೆಯೇ ಕಸವನ್ನು ತುಳಿಯುತ್ತದೆ. ಮೊದಲ ಮಳೆಗೆ ಅವಸರ ಮಾಡಿ ಬಿತ್ತದೆ, ಎದ್ದ ಕಸವನ್ನು ಕುಂಟಿಯಿಂದ ಹರಗಿ ಆಮೇಲೆ ಕೂರಿಗೆ ಹಿಡಿಯುವುದು ನಮ್ಮ ಹಿರಿಯರ ಪದ್ಧತಿ. ಅದು ಇವತ್ತಿಗೂ ಸರಿ. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಅಂದರೆ ಎರಡು ಅಡಿ ಬಿಟ್ಟರೆ ಎಡೆಕುಂಟೆ ಸಲೀಸಾಗಿ ಓಡುತ್ತದೆ. ಇಪ್ಪತ್ತು ದಿನಕ್ಕೆ ಮೊದಲ ಎಡೆ, ಜೊತೆಗೆ ಗಿಡದ ಸಂದಿಯ ಕಸ ಕೈಯಿಂದ. ಮೂವತ್ತರಿಂದ ಮೂವತ್ತೈದು ದಿನಕ್ಕೆ ಎರಡನೇ ಎಡೆ. ಆಗಲೇ ಮೇಲುಗೊಬ್ಬರ ಕೊಟ್ಟು ಬುಡಕ್ಕೆ ಮಣ್ಣು ಏರಿಸಬೇಕು. ಜೇಕು, ಕರಿಕೆ ಗಡ್ಡೆ ಬೇರಿನಿಂದ ಬೆಳೆಯುವಂಥವು. ಅವಕ್ಕೆ ಬ್ಯಾಸಗಿ ನೇಗಿಲಿನ ಬಿಸಿಲೇ ಮದ್ದು.

"ಜಡಿಮಳಿ ಹಿಡಿದರ ಕರಿ ಭೂಮ್ಯಾಗ ಎತ್ತು ಇಳಿಯಂಗಿಲ್ಲ, ಆಳು ಸಿಗಂಗಿಲ್ಲ, ಆಗೇನು ಮಾಡೂದು?" ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಔಷಧ ಹೊಡೆಯಲೇಬೇಕು ಅಂದರೆ ತಿಳಿದು ಹೊಡೆಯಿರಿ. ಬರೀ ಮೆಕ್ಕೆ ಜೋಳ ಇದ್ದಲ್ಲಿ 50 ಪರ್ಸೆಂಟಿನ ಅಟ್ರಾಜಿನ್ ಪುಡಿ ಎಕರೆಗೆ 400ರಿಂದ 800 ಗ್ರಾಂ, 200 ಲೀಟರಿಗೆ ಕಡಿಮೆ ಇಲ್ಲದಂತೆ ನೀರಿನಲ್ಲಿ ಬೆರೆಸಿ, ಬಿತ್ತಿದ ಎರಡು ಮೂರು ದಿನದೊಳಗೆ, ಕಸ ಮೊಳೆಯುವ ಮೊದಲು, ಭೂಮಿ ಹಸಿ ಇದ್ದಾಗ ಹೊಡೆಯಬೇಕು. ಪ್ರಮಾಣ ಮೀರಿದರೆ ಹಿಂದೆ ಬಿತ್ತುವ ಕಡಲೆಗೂ ಪೆಟ್ಟು ಬೀಳಬಹುದು. ತೊಗರಿ ಅಕ್ಕಡಿ ಇದ್ದರೆ ಅಟ್ರಾಜಿನ್ ಮುಟ್ಟಲೇಬ್ಯಾಡ್ರಿ. ಅಲ್ಲಿಗೆ ಪೆಂಡಿಮೆಥಾಲಿನ್ ಅದ. ಅದರ ಪ್ರಮಾಣವನ್ನು ರೈತ ಸಂಪರ್ಕ ಕೇಂದ್ರದಲ್ಲಾಗಲಿ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ಕೇಳಿ ಬರ್ರಿ. 2,4-ಡಿ ಹೊಡೆಯುವವರು ಗಾಳಿ ನೋಡ್ರಿ. ಅದರ ತುಂತುರು ಪಕ್ಕದ ಹತ್ತಿಗೆ, ತೊಗರಿಗೆ ಬಿದ್ದರೆ ಬೆಳೆಯೂ ಹೋಯಿತು, ಬದುವಿನ ನೆಂಟಸ್ತನವೂ ಹೋಯಿತು.

ಕೊನೆಗೆ ಸಂಘಕ್ಕೆ ನಮ್ಮ ಮೂರು ಬಿನ್ನಹ. ಒಂದು, ಕಳೆ ಔಷಧ ಯಾರೇ ಕೇಳಿದರೂ "ಹೊಲದಾಗ ತೊಗರಿ ಅದ ಏನು?" ಎಂದು ಕೇಳಿ, ಉತ್ತರವನ್ನು ರಸೀದಿಯ ಮೇಲೆ ಬರೆದು ಕೊಡಬೇಕು. ಆ ಒಂದು ಪ್ರಶ್ನೆ ಆವತ್ತು ಯಾರಾದರೂ ಕೇಳಿದ್ದರೆ ನಮ್ಮ ತೊಗರಿ ಉಳಿಯುತ್ತಿತ್ತು. ಎರಡು, ಎತ್ತು ಇಲ್ಲದ ಸಣ್ಣ ರೈತರಿಗಾಗಿ ಎಡೆ ಹೊಡೆಯುವ ಸಲಕರಣೆಗಳನ್ನು ಬಾಡಿಗೆಗೆ ಇಡಬೇಕು. ಮೂರು, ಸಾಲಕ್ಕೆ ಅರ್ಜಿ ಕೊಡುವಾಗ ಪಹಣಿ ನೋಡುವಂತೆ ಒಮ್ಮೆ ರೈತನ ತಿಪ್ಪೆಯನ್ನೂ ನೋಡಬೇಕು! ಇದು ನಗೆಯ ಮಾತಾದರೂ ಸುಳ್ಳಲ್ಲ. ತಿಪ್ಪೆ ಚಂದ ಇಟ್ಟವನು ಸಾಲ ತೀರಿಸುತ್ತಾನೆ.

ನಮ್ಮ ಅವ್ವ ಈಗ ಇಲ್ಲ. ಆದರೆ ಬಂಡಿಗೆ ಗೊಬ್ಬರ ತುಂಬುವ ಮೊದಲು ಈಗಲೂ ನಾವು ಒಂದು ಹಿಡಿ ಎತ್ತಿ ಮೂಸಿ ನೋಡುತ್ತೇವೆ. ತಾವೂ ನೋಡ್ರಿ. ಸಂಘ ಇನ್ನೂ ನೂರು ವರ್ಷ ಬಾಳಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.